ಸ್ವಂತ ಅಪಾಯ

ಡಿಸೆಂಬರಿನಲ್ಲಿ ಆಸ್ಪತ್ರೆಯ ಬಾಗಿಲು ದಾಟಿದರೆ ಎಂಟುನೂರ ಎಂಬತ್ತೈದು ಯೂರೋ. ಚಿಕಿತ್ಸೆ ಹೊಸ ವರ್ಷಕ್ಕೂ ಎಳೆದರೆ ಅದರ ಮೇಲೆ ಇನ್ನೊಂದು ಮುನ್ನೂರ ಎಂಬತ್ತೈದು. ಒಟ್ಟು ಸಾವಿರದ ಇನ್ನೂರ ಎಪ್ಪತ್ತು. ಅದೇ ಬಾಗಿಲನ್ನು ಜನವರಿ ಒಂದರಂದು ದಾಟಿದರೆ ಬರೀ ಮುನ್ನೂರ ಎಂಬತ್ತೈದು. ಉಳಿತಾಯ ಎಂಟುನೂರ ಎಂಬತ್ತೈದು. ಬಾಗಿಲು ಅದೇ, ಡಾಕ್ಟರು ಅವರೇ, ನೋವೂ ಅದೇ. ತಾರೀಖು ಮಾತ್ರ ಬೇರೆ. ಹೆಂಡತಿಯ ಪಕ್ಕೆಯಿಂದ ಹೊರಬಂದ ತೆಳ್ಳಗಿನ ನಳಿಕೆಗೆ ಉಪ್ಪುನೀರಿನ ಸಿರಿಂಜ್ ಸಿಕ್ಕಿಸುತ್ತ ಹಾರ್ಮ್ ಈ ಲೆಕ್ಕವನ್ನು ಇನ್ನೊಮ್ಮೆ ಮಾಡಿದ. ಏಳು ವಾರದಿಂದ ದಿನಕ್ಕೆರಡು ಸಲ ಮಾಡುತ್ತಿದ್ದ. ಪ್ರತಿ ಸಲವೂ ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

"ತಣ್ಣಗಿದೆ," ಅಂದಳು ಫೆನ್ನಾ.

"ಸಿರಿಂಜನ್ನ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದ್ದೆನಲ್ಲ."

"ನಿನ್ನ ಕೈ ತಣ್ಣಗಿದೆ ಅಂದೆ."

ಅವಳು ಬಚ್ಚಲುಮನೆಯ ಸ್ಟೂಲಿನ ಮೇಲೆ ಅಂಗಿ ಎತ್ತಿ ಹಿಡಿದು ಕೂತಿದ್ದಳು. ಅವನು ಎದುರಿಗೆ ಮಂಡಿಯೂರಿದ್ದ. ನಲವತ್ತನಾಲ್ಕು ವರ್ಷದ ಹಿಂದೆ ಮದುವೆಯಾಗುತ್ತೀಯಾ ಎಂದು ಕೇಳುವಾಗಲೂ ಅವನು ಮಂಡಿಯೂರಿರಲಿಲ್ಲ, ಪ್ಯಾಂಟು ಹೊಸದಿತ್ತು. ಈಗ ದಿನಕ್ಕೆರಡು ಸಲ. ಹತ್ತು ಮಿಲಿ ನೀರನ್ನು ನಿಧಾನ ಒಳಕ್ಕೆ ತಳ್ಳಬೇಕು, ಜೋರು ಮಾಡಬಾರದು. ನಳಿಕೆ ಚರ್ಮ ದಾಟಿ, ಯಕೃತ್ತಿನ ಅಂಚು ದಾಟಿ, ಊದಿಕೊಂಡ ಪಿತ್ತಕೋಶದೊಳಗೆ ಹೋಗಿ ಸುರುಳಿ ಸುತ್ತಿ ಕೂತಿದೆ. ಒಳಗಿನದು ಹೊರಗೆ ಬಂದು ಚೀಲಕ್ಕೆ ಬೀಳುತ್ತದೆ. ಮೊದಲ ವಾರ ಕಪ್ಪು, ಕೆಟ್ಟ ವಾಸನೆ, ಆಮೇಲೆ ಕಂದು, ಈಗ ಹಾಲೆಂಡಿನ ಯಾವ ಕಾಲುವೆಗೂ ಒಪ್ಪುವಂಥ ಹಸಿರು. ಚೀಲದ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿ ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ಇನ್ನೂರ ಹತ್ತು. ಬರೆಯಿರಿ ಎಂದು ನರ್ಸ್ ಹೇಳಿದ್ದಳು ನಿಜ. ಆದರೆ ಬಣ್ಣ, ಗಂಟೆ, ಸರಾಸರಿ ಎಂದು ಮೂರು ಕಾಲಂ ಬೇರೆ ಹಾಕಿರಿ ಎಂದು ಅವಳೇನೂ ಹೇಳಿರಲಿಲ್ಲ. ಮೂವತ್ತೆಂಟು ವರ್ಷ ಆಲೂಗಡ್ಡೆ ಹಿಟ್ಟಿನ ಕಾರ್ಖಾನೆಯ ಗೇಟಿನಲ್ಲಿ ಲಾರಿ ತೂಗಿದವನಿಗೆ ಅಳೆಯದೆ ಬಿಟ್ಟದ್ದು ಕಳುವಾದ ಹಾಗೆ ಅನ್ನಿಸುತ್ತದೆ. ಲಾರಿಯ ತೂಕ ಕಳೆ, ಆಲೂಗಡ್ಡೆಗೆ ಅಂಟಿದ ಮಣ್ಣಿನ ತೂಕ ಕಳೆ, ಉಳಿದದ್ದನ್ನು ಚೀಟಿಯಲ್ಲಿ ಬರೆದು ರೈತನ ಕೈಗೆ ಕೊಡು. ರೈತ ಗೊಣಗುತ್ತಾನೆ, ಇಷ್ಟೊಂದು ಮಣ್ಣಾ ಎನ್ನುತ್ತಾನೆ. ಎಲ್ಲರ ಮಾತಿಗೂ ಒಂದಿಷ್ಟು ಮಣ್ಣು ಅಂಟಿರುತ್ತದೆ ಎಂದು ಹಾರ್ಮ್ ಆಗ ಕಲಿತದ್ದು. ನೋವು ಎಂದು ಯಾರಾದರೂ ಹೇಳಿದರೆ ಅವನ ತಲೆ ತಾನಾಗಿ ನೂರಕ್ಕೆ ಹದಿನೈದನ್ನು ಕಳೆದುಬಿಡುತ್ತದೆ. ಫೆನ್ನಾ ಹೇಳಿದಾಗ ಎಷ್ಟು ಕಳೆದನೋ ಅವನಿಗೀಗ ನೆನಪಿಲ್ಲ. ಸ್ವಲ್ಪ ಹೆಚ್ಚೇ ಇರಬೇಕು.

ಆ ಎಂಟುನೂರ ಎಂಬತ್ತೈದಕ್ಕೆ ಅವರ ದೇಶದಲ್ಲಿ ಒಂದು ಹೆಸರಿದೆ: ಸ್ವಂತ ಅಪಾಯ. ವರ್ಷದ ಆಸ್ಪತ್ರೆ ಖರ್ಚಿನಲ್ಲಿ ಮೊದಲ ಪಾಲು ನಿನ್ನ ಜೇಬಿನದು, ಮಿಕ್ಕದ್ದು ವಿಮೆಯದು. ಕಾನೂನಿನ ಪ್ರಕಾರ ಆ ಪಾಲು ಮುನ್ನೂರ ಎಂಬತ್ತೈದು. ನಾನು ಗಟ್ಟಿಮುಟ್ಟಾಗಿದ್ದೇನೆ, ಇನ್ನೂ ಐನೂರು ನನ್ನ ಮೇಲೇ ಇರಲಿ ಎಂದು ಬರೆದುಕೊಟ್ಟರೆ ತಿಂಗಳ ಕಂತಿನಲ್ಲಿ ಇಪ್ಪತ್ತು ಯೂರೋ ಬಿಡುತ್ತಾರೆ. ಕಾಯಿಲೆ ಬೀಳದವರಿಗೆ ಇದು ಲಾಭದ ವ್ಯವಹಾರ. ಹಾರ್ಮ್ ಹನ್ನೆರಡು ವರ್ಷದಿಂದ ಕಾಯಿಲೆ ಬಿದ್ದಿರಲಿಲ್ಲ. ಫೆನ್ನಾಳನ್ನೂ ಬೀಳಲು ಬಿಟ್ಟಿರಲಿಲ್ಲ. ಇಬ್ಬರ ಹೆಸರಿನಲ್ಲೂ ಅಪಾಯವನ್ನು ಸ್ವಂತ ಕೈಯಿಂದ ಹೆಚ್ಚಿಸಿ ಸಹಿ ಹಾಕಿದವನು ಅವನೇ. ಅವಳು ಕೇಳಿದ್ದಳು, "ನನ್ನ ಅಪಾಯಕ್ಕೆ ನಿನ್ನ ಸಹಿ ನಡೆಯುತ್ತಾ?" ನಡೆದಿತ್ತು.

"ಬೇಗ ಮುಗಿಸು. ಹನ್ನೊಂದಕ್ಕೆ ಜನ ಬರ್ತಾರೆ," ಎಂದು ಅವಳು ಅಂಗಿ ಇಳಿಸಿದಳು. ಅವತ್ತು ಅವಳ ಅರವತ್ತೊಂಬತ್ತನೆಯ ಹುಟ್ಟುಹಬ್ಬ. ಮಂಗಳವಾರ ಆಪರೇಷನ್. ನಡುವೆ ಎರಡು ದಿನ. ಆ ಎರಡು ದಿನದೊಳಗೆ ನಿಜ ಹೇಳಬೇಕು ಎಂದು ಅವನು ಏಳು ವಾರದಿಂದ ಅಂದುಕೊಳ್ಳುತ್ತಿದ್ದ. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ ಅವಳು ಏಳದೇ ಹೋದರೆ, ಅವನಿಗಾಗಿ ಆಸ್ಪತ್ರೆಯಲ್ಲಿ ಅವಳು ಹೇಳಿದ್ದ ಒಂದು ಸುಳ್ಳು ಹಾಗೆಯೇ ನಿಜವಾಗಿ ಉಳಿದುಬಿಡುತ್ತದೆ. ಮಗಳು ಜೀವಮಾನವಿಡೀ ಸತ್ತ ತಾಯಿಯನ್ನೇ ಬೈಯುತ್ತಾಳೆ. ಇದು ಅವನಿಗೆ ತಡೆಯಲಾಗದಂತಿತ್ತು. ಅಥವಾ ಅವಳು ಏಳದೇ ಹೋದರೆ ಎಂಬುದನ್ನು ನೇರವಾಗಿ ಯೋಚಿಸಲು ಧೈರ್ಯವಿಲ್ಲದೆ, ಮಗಳು ಬೈಯುವುದನ್ನು ಯೋಚಿಸುತ್ತಿದ್ದನೋ ಏನೋ.

ಶುರುವಾದದ್ದು ಡಿಸೆಂಬರ್ ಇಪ್ಪತ್ತಮೂರಕ್ಕೆ, ಬಟಾಣಿ ಸೂಪು ಉಂಡ ಮೇಲೆ. ಬಲ ಪಕ್ಕೆಯ ಕೆಳಗೆ, ಬೆನ್ನಿಗೂ ಎಳೆಯುತ್ತದೆ ಎಂದಳು. ಎಷ್ಟು ಎಂದು ಕೇಳಿದ, "ಅಂಥದ್ದೇನಿಲ್ಲ" ಎಂದಳು. ಆ ಊರಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಮೊದಲು ಬರುವ ಮಾತು ಅದೇ. ಅವಳ ಆ ಮಾತಿನಿಂದಲೂ ಅವನು ಮಣ್ಣು ಕಳೆದ. ಅವರ ಮನೆ ಡಾಕ್ಟರ ಹತ್ತಿರ ಹೋದರೆ ಕಾಸು ಕೊಡಬೇಕಾಗಿಲ್ಲ, ಆದರೆ ಆ ಮನುಷ್ಯ ಹೊಟ್ಟೆ ಒತ್ತಿ ನೋಡಿ ಆಸ್ಪತ್ರೆಗೆ ಬರೆದುಬಿಟ್ಟರೆ ಮೀಟರು ಓಡಲು ಶುರು. ಇಪ್ಪತ್ತಾರಕ್ಕೆ ಮಗಳು ಮಾರ್ಲೂಸ್ ಗಂಡ ಮಕ್ಕಳೊಂದಿಗೆ ಬಂದಾಗ ಮೇಜಿನ ನಡುವೆ ಕಾವಲಿಯಿಟ್ಟು ಎಲ್ಲರೂ ತಂತಮ್ಮ ಪುಟ್ಟ ಬಾಣಲೆಯಲ್ಲಿ ಮಾಂಸದ ಚೂರು ಹುರಿದುಕೊಂಡು ಉಂಡರು. ಫೆನ್ನಾ ಬರೀ ಬ್ರೆಡ್ ಕಚ್ಚಿದಳು. ಇಪ್ಪತ್ತೇಳರಂದು ಅವಳು ಅಡುಗೆಮನೆಯ ಕಟ್ಟೆ ಹಿಡಿದು ನಿಂತು, "ಹಾರ್ಮ್, ಫೋನ್ ಮಾಡೋಣ್ವಾ?" ಎಂದು ಕೇಳಿದಳು. ಕೇಳಿದಳು, ಮಾಡು ಎನ್ನಲಿಲ್ಲ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಹಿಡಿದುಕೊಂಡು ಅವನು ಕಂಪ್ಯೂಟರಿನ ಮುಂದೆ ಕೂತ. ವಿಮೆ ಬದಲಿಸಲು ಮೂವತ್ತೊಂದರವರೆಗೆ ಅವಕಾಶವಿತ್ತು. ಅವಳ ಅಪಾಯವನ್ನು ಎಂಟುನೂರ ಎಂಬತ್ತೈದರಿಂದ ಮುನ್ನೂರ ಎಂಬತ್ತೈದಕ್ಕೆ, ಒಂದನೇ ಜನವರಿಯಿಂದ ಜಾರಿಗೆ ಬರುವಂತೆ ಇಳಿಸಿ ಒತ್ತಿದ. ನಿಮ್ಮ ಆಯ್ಕೆಗೆ ಧನ್ಯವಾದ ಎಂದು ಬಂತು. ಅಡುಗೆಮನೆಗೆ ಹೋಗಿ ಅವನು ಹೇಳಿದ: "ಐದು ದಿನ ತಡೆಯೋಕಾಗುತ್ತಾ?" ಅವಳು ಅವನನ್ನು ನೋಡಿದಳು. ಲಾರಿಯ ಕಿಟಕಿಯಿಂದ ರೈತ ನೋಡುವ ಹಾಗಲ್ಲ. ಬೇರೆ ಥರ. "ಆಗುತ್ತೆ," ಎಂದಳು. ಮೂವತ್ತೊಂದರ ಬೆಳಗ್ಗೆ ಬಲಗೈಯನ್ನು ಪಕ್ಕೆಗೆ ಒತ್ತಿಕೊಂಡು ಎಡಗೈಯಿಂದ ಹಿಟ್ಟಿನುಂಡೆಗಳನ್ನು ಎಣ್ಣೆಗೆ ಬಿಟ್ಟು ಕರಿದಳು. ಹೊಸ ವರ್ಷಕ್ಕೆ ಕರಿದ ಉಂಡೆಯಿಲ್ಲದ ಮನೆ ಇರುತ್ತದೆಯೇ? ಅವನು ಏಳು ತಿಂದ. ಪುಡಿಸಕ್ಕರೆ ಸ್ವಲ್ಪ ಹೆಚ್ಚಾಯಿತು ಎಂದೂ ಹೇಳಿದ.

ಜನವರಿ ಒಂದರ ಬೆಳಗ್ಗೆ ಅವಳು ನಡುಗುತ್ತಿದ್ದಳು, ಕಣ್ಣಿನ ಬಿಳಿ ಹಳದಿ ತಿರುಗಿತ್ತು. ರಸ್ತೆಯಲ್ಲಿ ಸುಟ್ಟ ಪಟಾಕಿಯ ಕೆಂಪು ಕಾಗದ ಒದ್ದೆಯಾಗಿ ಅಂಟಿಕೊಂಡಿತ್ತು. ಅವನು ಕಾರು ಓಡಿಸುತ್ತ, ಇವತ್ತು ಪಾರ್ಕಿಂಗ್ ಪುಕ್ಕಟೆ ಎಂದು ಯೋಚಿಸಿದ. ಯೋಚಿಸಿದ್ದು ತನಗೇ ಕೇಳಿಸಿತು. ತುರ್ತು ಕೋಣೆಯಲ್ಲಿ ಸರ್ಜನ್ ಬಂದಳು, ವೆಸ್ಸೆಲಿಂಕ್ ಎಂದು ಹೆಸರು, ಮಾರ್ಲೂಸ್‌ಗಿಂತ ಚಿಕ್ಕವಳು, ನಿದ್ದೆಗೆಟ್ಟ ಕಣ್ಣು.

"ನೋವು ಯಾವಾಗ ಶುರುವಾಯ್ತು?"

"ನಿನ್ನೆ ಸಂಜೆ," ಎಂದ ಹಾರ್ಮ್. ಅವನನ್ನು ಯಾರೂ ಕೇಳಿರಲಿಲ್ಲ. ಅವಳು ಕೇಳಿದ್ದು ಫೆನ್ನಾಳನ್ನು.

ಸ್ಕ್ಯಾನ್ ಮುಗಿಸಿ ಬಂದ ಸರ್ಜನ್ ಮಂಚದ ತುದಿಯಲ್ಲಿ ಕೂತಳು. "ಇದು ನಿನ್ನೆಯ ಪಿತ್ತಕೋಶ ಅಲ್ಲ ಸಾರ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಾಳೆಯಾಗದಿದ್ದಾಗ ಅವನೇ ರೈತರಿಗೆ ಹೇಳುತ್ತಿದ್ದ ದನಿ. "ಗೋಡೆ ದಪ್ಪ ಆಗಿದೆ, ಸುತ್ತ ಕೀವು ಕಟ್ಟಿದೆ. ಎರಡು ಮೂರು ದಿನದ್ದಾದ್ರೆ ನಾನು ಇವತ್ತೇ ತೆಗೆದುಹಾಕ್ತೀನಿ, ಅದೇ ಒಳ್ಳೇದು. ಹತ್ತು ದಿನದ್ದಾದ್ರೆ ಒಳಗೆ ಎಲ್ಲಾ ಒಂದಕ್ಕೊಂದು ಅಂಟಿಕೊಂಡು ಒದ್ದೆ ಕಾಗದದ ಥರ ಆಗಿರುತ್ತೆ, ಕೈ ಹಾಕಿದ್ರೆ ಯಾವುದು ಹರಿಯುತ್ತೋ ಗೊತ್ತಾಗಲ್ಲ. ಬಿ.ಪಿ. ಬೇರೆ ಇಳಿದಿದೆ. ಆಗ ಬರೀ ನಳಿಕೆ ಹಾಕಿ ಕೀವು ಇಳಿಸಿ, ಆರೇಳು ವಾರ ಕಾದು, ಆಮೇಲೆ ಆಪರೇಷನ್. ಅದಕ್ಕೇ ಮತ್ತೆ ಕೇಳ್ತಾ ಇದೀನಿ. ಯಾವತ್ತಿಂದ?"

ಹಾರ್ಮ್‌ನ ನಾಲಿಗೆ ಬಾಯಲ್ಲೇ ಇತ್ತು, ಎಲ್ಲೂ ಹೋಗಿರಲಿಲ್ಲ. ಸುಮ್ಮನೆ ಒಂದು ಸಂಖ್ಯೆ ಹೇಳುವುದಿತ್ತು. ಸಂಖ್ಯೆ ಹೇಳುವುದು ಅವನ ಉದ್ಯೋಗವಾಗಿತ್ತು. ಫೆನ್ನಾ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಇಪ್ಪತ್ತಮೂರು." ಆಮೇಲೆ ಉಸಿರು ತೆಗೆದುಕೊಂಡು, "ಇವರಿಗೆ ಗೊತ್ತಿಲ್ಲ ಡಾಕ್ಟ್ರೇ. ನಾನು ಯಾರಿಗೂ ಹೇಳಿರಲಿಲ್ಲ."

ಸರ್ಜನ್ ಅವನ ಕಡೆ ಒಮ್ಮೆ ನೋಡಿ ಬರೆದುಕೊಂಡಳು. ಪಕ್ಕೆಯ ಚರ್ಮ ಮಾತ್ರ ಮರಗಟ್ಟಿಸಿ ನಳಿಕೆ ತೂರಿಸಿದರು. ಅರ್ಧ ಗಂಟೆಯ ಕೆಲಸ. ಮೊದಲ ಚೀಲ ತುಂಬಿದಾಗ ಕೋಣೆಯಲ್ಲಿ ಹಬ್ಬಿದ ವಾಸನೆಗೆ ನರ್ಸ್ ಮೂಗು ಮುಚ್ಚಲಿಲ್ಲ, ಅವನು ಮುಚ್ಚಿದ. ಎರಡು ದಿನಕ್ಕೆ ಜ್ವರ ಇಳಿಯಿತು. ಮಾರ್ಲೂಸ್ ಧಾವಿಸಿ ಬಂದು, ಮಂಚದ ಪಕ್ಕ ನಿಂತು ತಾಯಿಯನ್ನು ಮನಸಾರೆ ಬೈದಳು, ಅಪ್ಪನನ್ನು ಅಪ್ಪಿಕೊಂಡು ಪಾಪ ಎಂದಳು. ಅಪ್ಪಿಸಿಕೊಂಡ.

ಹುಟ್ಟುಹಬ್ಬದ ದಿನ ಹನ್ನೊಂದಕ್ಕೆ ಒಂದು ನಿಮಿಷವಿರುವಾಗ ಬಾಗಿಲ ಗಂಟೆ ಬಾರಿಸಿತು. ಕುರ್ಚಿಗಳನ್ನು ಅವನು ಬೆಳಗ್ಗೆಯೇ ಗೋಡೆಗುಂಟ ಸುತ್ತ ಜೋಡಿಸಿದ್ದ. ಹುಟ್ಟುಹಬ್ಬವೆಂದರೆ ಸುತ್ತ ಕೂರಬೇಕು, ನಡುವೆ ಖಾಲಿ ಇರಬೇಕು, ಯಾರೂ ಯಾರ ಮೈಗೂ ತಾಕಬಾರದು. ಮಾರ್ಲೂಸ್ ಬಂದಳು, ಫೆನ್ನಾಳ ತಮ್ಮ ಬೆರೆಂಡ್ ಬಂದ, ಪಕ್ಕದ ಮನೆಯ ತ್ರೂಸ್ ಬಂದಳು. ಹುಟ್ಟುಹಬ್ಬದವರಿಗಷ್ಟೇ ಶುಭಾಶಯ ಹೇಳಿದರೆ ಸಾಲದು, ಅವರನ್ನು ಪಡೆದ ಮನೆಯವರಿಗೂ ಹೇಳಬೇಕು. ಎಲ್ಲರೂ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಎಲ್ಲರ ಕೈ ಕುಲುಕಿದರು. "ಹೆಂಡತಿಗಾಗಿ ಅಭಿನಂದನೆ, ಹಾರ್ಮ್," ಎಂದ ಬೆರೆಂಡ್. "ಹೆಂಡತಿಗಾಗಿ ಅಭಿನಂದನೆ, ಹಾರ್ಮ್," ಎಂದಳು ತ್ರೂಸ್. ಅವರು ಪ್ರತಿ ವರ್ಷ ಹೇಳುತ್ತಿದ್ದದ್ದನ್ನೇ ಹೇಳಿದ್ದರು. ಈ ಸಲ ಮಾತ್ರ ಅದು, ಕೊಂದಿಲ್ಲವಲ್ಲ, ಸಂತೋಷ ಎಂದ ಹಾಗೆ ಕೇಳಿಸಿತು. ಅವನು ಕಾಫಿ ಹಂಚಿದ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೇಕು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದ. ಕೆನೆ ಕೂಡದು ಎಂದು ಫೆನ್ನಾಳಿಗೆ ಜಾಮು ಸವರಿದ ರಸ್ಕು.

"ಚೀಲ ಎಲ್ಲೇ, ನೋಡೋಣ," ಎಂದಳು ತ್ರೂಸ್. ಫೆನ್ನಾ ಅಂಗಿಯಂಚು ಎತ್ತಿ ತೋರಿಸಿದಳು. ಚೀಲದ ಮೇಲೆ ತ್ರೂಸಳೇ ಹೆಣೆದ ನೀಲಿ ಉಣ್ಣೆಯ ಕವಚ. "ನೋಡಿದ್ಯಾ, ಎಷ್ಟು ಚಂದ ಕಾಣುತ್ತೆ. ನನ್ನ ಗಂಡನಿಗೂ ಇಂಥದ್ದೊಂದು ಹೆಣೆದಿದ್ದೆ. ಅವನು ಹಾಕ್ಕೊಳ್ಳೋದಕ್ಕೆ ಮುಂಚೆ ಹೋಗಿಬಿಟ್ಟ."

"ಇದು ಅವನದೇನಾ ಹಾಗಾದ್ರೆ?" ಎಂದಳು ಫೆನ್ನಾ.

"ತೊಳೆದಿದೀನಿ ಕಣೇ."

ಎಲ್ಲರೂ ನಕ್ಕರು. ನಗು ಮುಗಿಯುವ ಹೊತ್ತಿಗೆ ಮಾರ್ಲೂಸ್ ಶುರುಮಾಡಿದಳು. ಏಳು ವಾರದಲ್ಲಿ ಆ ಕತೆ ಹೇಳಿ ಹೇಳಿ ಅವಳ ಬಾಯಲ್ಲಿ ನಯವಾಗಿತ್ತು. "ಹತ್ತು ದಿನ! ಹತ್ತು ದಿನ ಬಾಯಿ ಮುಚ್ಕೊಂಡು ಕೂತಿದ್ಲು. ನಾವು ಮಾಂಸ ಹುರೀತಾ ಇದ್ರೆ ಇವಳು ಬ್ರೆಡ್ ತಿಂತಾ ಇದಾಳೆ. ಕೇಳಿದ್ರೆ ಹಸಿವಿಲ್ಲ ಅಂತಾಳೆ. ಹಠ ಅಂದ್ರೆ ಹಠ. ಅಪ್ಪನಿಗೂ ಹೇಳಿಲ್ಲ ಅಂದ್ರೆ! ಅಪ್ಪ ಪಾಪ, ಪಕ್ಕದಲ್ಲೇ ಮಲಗಿದ್ದ ಮನುಷ್ಯ—"

ಫೆನ್ನಾ ರಸ್ಕಿನ ಪುಡಿಯನ್ನು ಬೆರಳ ತುದಿಗೆ ಅಂಟಿಸಿಕೊಂಡು ತಿನ್ನುತ್ತಿದ್ದಳು. ತಲೆಯೆತ್ತಲಿಲ್ಲ. ಅವಳು ತಲೆಯೆತ್ತಿ ಒಮ್ಮೆ ನೋಡಿದ್ದರೂ ಅವನು ಸುಮ್ಮನಿರುತ್ತಿದ್ದನೇನೋ. ನೋಡದೆ ಇದ್ದದ್ದು, ಕ್ಷಮಿಸಿದವರ ಹಾಗೆ ಆರಾಮಾಗಿ ಪುಡಿ ಹೆಕ್ಕುತ್ತಿದ್ದದ್ದು ಅವನ ಕುತ್ತಿಗೆಯನ್ನು ಹಿಡಿದು ಎಬ್ಬಿಸಿತು. ಕಾಫಿ ಪಾತ್ರೆ ಕೈಯಲ್ಲೇ ಇತ್ತು.

"ನನಗೆ ಹೇಳಿದ್ಲು," ಎಂದ. "ಇಪ್ಪತ್ತಮೂರಕ್ಕೇ ಹೇಳಿದ್ಲು. ನಾನೇ ಒಂದನೇ ತಾರೀಖಿನವರೆಗೆ ತಡ್ಕೋ ಅಂದೆ. ಸ್ವಂತ ಅಪಾಯ ಎಂಟುನೂರ ಎಂಬತ್ತೈದು ಇತ್ತು. ಜನವರಿಗೆ ಇಳಿಸಿದ್ದೆ."

ಕುರ್ಚಿಗಳ ನಡುವಿನ ಖಾಲಿ ಜಾಗವನ್ನು ಎಲ್ಲರೂ ನೋಡಿದರು. ಈಗ ಬೀಳುತ್ತದೆ ಎಂದು ಹಾರ್ಮ್ ಕಾದ. ಏಳು ವಾರದಿಂದ ಕಾಯುತ್ತಿದ್ದ ಏಟು, ಬೆನ್ನು ಸಿದ್ಧವಾಗಿತ್ತು. ಮಾರ್ಲೂಸ್ "ಅಪ್ಪಾ," ಎಂದಳು, ಅಷ್ಟೇ. ಬೆರೆಂಡ್ ಕಪ್ಪನ್ನು ತಟ್ಟೆಯ ಮೇಲಿಟ್ಟು ಗಂಟಲು ಸರಿಮಾಡಿಕೊಂಡ.

"ಒಂದು ನಿಮಿಷ. ನೀನು ಎಷ್ಟು ಉಳೀತು ಅಂತ ಲೆಕ್ಕ ಹಾಕಿದ್ದೆ?"

"ಎಂಟುನೂರ ಎಂಬತ್ತೈದು."

"ಅಲ್ಲೇ ನೀನು ತಪ್ಪಿದ್ದು. ಎರಡು ವರ್ಷಕ್ಕೆ ಎರಡು ಸಲ ಕಟ್ಟಬೇಕು ಅಂದ್ಕೊಂಡಿದೀಯ. ಹಾಗಿಲ್ಲಪ್ಪಾ. ಚಿಕಿತ್ಸೆ ಯಾವತ್ತು ಶುರು ಆಗುತ್ತೋ ಆ ವರ್ಷದ ಲೆಕ್ಕಕ್ಕೇ ಇಡೀ ಬಿಲ್ಲು ಹೋಗುತ್ತೆ. ನನ್ನ ಮೊಣಕಾಲಿನದು ನವೆಂಬರಲ್ಲಿ ಶುರುವಾಗಿ ಫೆಬ್ರವರಿವರೆಗೆ ನಡೀತು, ಒಂದೇ ಸಲ ಕಟ್ಟಿದ್ದು. ಡಿಸೆಂಬರಲ್ಲಿ ಹೋಗಿದ್ರೆ ಎಂಟುನೂರ ಎಂಬತ್ತೈದು, ಜನವರಿಲಿ ಹೋಗಿದ್ದಕ್ಕೆ ಮುನ್ನೂರ ಎಂಬತ್ತೈದು. ನಿನಗೆ ಉಳಿದಿದ್ದು ಐನೂರು."

"ಐನೂರು ಕಮ್ಮಿ ಏನಲ್ಲ," ಎಂದಳು ತ್ರೂಸ್.

"ಕಮ್ಮಿ ಅಂತ ನಾನೆಲ್ಲಿ ಹೇಳ್ದೆ? ಲೆಕ್ಕ ಸರಿ ಇರಲಿ ಅಂದೆ. ಅಲ್ಲ, ಮೂವತ್ತೊಂದರೊಳಗೆ ಇಳಿಸಿದಾನಲ್ಲ, ಅದು ಬುದ್ಧಿವಂತಿಕೆ. ನನಗೆ ಹೊಳೀತಿರಲಿಲ್ಲ."

"ಯಾವ ವೆಬ್‌ಸೈಟಲ್ಲಿ ಮಾಡ್ದೆ?" ಎಂದು ಕೇಳಿದಳು ತ್ರೂಸ್. ಕೇಳಿ ಚೀಲದ ಕಡೆ ಕಣ್ಣು ಹೋಗಿ, ಬಾಯಿಗೆ ಕೇಕು ತುರುಕಿಕೊಂಡಳು.

ಹಾರ್ಮ್ ಪಾತ್ರೆ ಹಿಡಿದು ನಿಂತೇ ಇದ್ದ. ತನ್ನ ಪಾಪ ಇಷ್ಟು ದೊಡ್ಡದು ಎಂದು ಅವನು ಎರಡು ಕೈಯಿಂದ ಎತ್ತಿ ತಂದಿದ್ದ. ಇವರು ಅದನ್ನು ತೂಗಿ, ಮಣ್ಣು ಕಳೆದು, ಐನೂರು ಎಂದು ಚೀಟಿ ಬರೆದುಕೊಟ್ಟರು. ಮೊದಲ ಸಲ ಅವನಿಗೆ ಲಾರಿಯ ಕಿಟಕಿಯಿಂದ ನೋಡುವುದು ಹೇಗಿರುತ್ತದೆ ಎಂದು ಗೊತ್ತಾಯಿತು. ಒಬ್ಬರಾದರೂ ಥೂ ಎನ್ನಲಿ ಎಂದು ಮಗಳನ್ನು ನೋಡಿದ. ಮಾರ್ಲೂಸ್ ತಾಯಿಯನ್ನು ನೋಡುತ್ತಿದ್ದಳು. ಫೆನ್ನಾ ಎದ್ದು, ಚೀಲವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಿಂದ ಅವನ ಕೈಯ ಪಾತ್ರೆ ಇಸಿದುಕೊಂಡಳು.

"ಇನ್ನೊಂದು ಕಪ್ ಯಾರಿಗೆ?" ಎಂದಳು.

ಒಂದೂವರೆಗೆಲ್ಲ ಎಲ್ಲರೂ ಹೊರಟರು. ಮಾರ್ಲೂಸ್ ಬಾಗಿಲಲ್ಲಿ ಅಪ್ಪನ ಕೋಟಿನ ಗುಂಡಿ ಮುಟ್ಟಿ, "ನಾನು ಮಂಗಳವಾರ ಬರ್ತೀನಿ. ಅಮ್ಮನಿಗೋಸ್ಕರ," ಎಂದಳು. ಅಷ್ಟನ್ನಾದರೂ ಅವನು ಕೃತಜ್ಞತೆಯಿಂದ ತೆಗೆದುಕೊಂಡ. ಕುರ್ಚಿಗಳನ್ನು ಜಾಗಕ್ಕಿಟ್ಟು ಬಂದಾಗ ಫೆನ್ನಾ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದಳು.

"ಹೇಳಬಾರದಿತ್ತಾ?" ಎಂದು ಕೇಳಿದ.

"ನಿನಗೆ ಹಗುರ ಆಯ್ತಾ?"

"ಇಲ್ಲ."

"ನೋಡು, ಅದೂ ಆಗಲಿಲ್ಲ."

"ನಿಜ ಅಲ್ವಾ ಫೆನ್ನಾ? ನಿನ್ನ ಮೇಲೆ ಸುಮ್ನೆ ಬೈಗುಳ—"

"ಬೈಗುಳ ನನಗೇನೂ ಭಾರ ಆಗಿರಲಿಲ್ಲ." ಅವಳು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಅವತ್ತು ಆ ಡಾಕ್ಟರ್ ಕೇಳಿದಾಗ ನನಗೆ ಮಾತಾಡೋಕೂ ಶಕ್ತಿ ಇರಲಿಲ್ಲ. ಇದ್ದ ಉಸಿರಲ್ಲಿ ನಿನ್ನ ಮಾನ ಉಳಿಸೋಣ ಅಂತ ಒಂದು ಮಾತು ಹೇಳಿದ್ದೆ. ಮದುವೆ ಆದಾಗಿಂದ ನಿನಗೆ ಅಂತ ನಾನೇ ಆರಿಸಿ ಕೊಟ್ಟಿದ್ದು ಅದೊಂದೇ ಹಾರ್ಮ್, ಮಿಕ್ಕಿದ್ದೆಲ್ಲಾ ನೀನು ಬೆಲೆ ನೋಡಿ ತಗೊಂಡಿದ್ದು. ಅದನ್ನೂ ತಗೊಂಡು ಹೋಗಿ ಬೆರೆಂಡ್ ಮುಂದೆ ಇಟ್ಟೆ. ಅವನು ಲೆಕ್ಕ ಮಾಡಿ ಹೇಳಿದ."

"ನಾನು ಮಾಡಿದ್ದು ತಪ್ಪು ಅಂತ ಹೇಳೋಕೆ—"

"ತಪ್ಪು ಅಂತ ನನಗೆ ಹೇಳಬಹುದಾಗಿತ್ತು. ಬಚ್ಚಲುಮನೆಲಿ. ದಿನಕ್ಕೆ ಎರಡು ಸಲ ಎದುರಿಗೇ ಕೂತಿರ್ತಿದ್ದೆ."

ಅದು ಅವನಿಗೆ ಹೊಳೆದಿರಲಿಲ್ಲ. ನಿಜವಾಗಿಯೂ ಹೊಳೆದಿರಲಿಲ್ಲ. ಮಗಳಿಗೆ ಹೇಳಬೇಕು, ಭಾವಮೈದುನನಿಗೆ ಹೇಳಬೇಕು, ಸರ್ಜನ್‌ಗೆ ಒಂದು ಕಾಗದ ಬರೆಯಬೇಕು ಎಂದೆಲ್ಲ ಯೋಚಿಸಿದ್ದವನು, ಫೆನ್ನಾಳಿಗೆ ಹೇಳಬೇಕು ಎಂದು ಒಂದು ದಿನವೂ ಯೋಚಿಸಿರಲಿಲ್ಲ; ಅವಳಿಗೆ ಗೊತ್ತಿರುವ ವಿಷಯ ತಾನೇ? ಈಗ ಹೇಳಲು ಬಾಯಿ ತೆರೆದ. ಅವಳು ಟವಲನ್ನು ಮೊಳೆಗೆ ಸಿಕ್ಕಿಸಿ ಮಲಗಲು ಹೋದಳು.

ಮಂಗಳವಾರ ಒಂದೂವರೆ ಗಂಟೆಯಲ್ಲಿ ಮುಗಿಯಬೇಕಾದದ್ದು ನಾಲ್ಕು ಗಂಟೆ ಹಿಡಿಯಿತು. ಮೊದಲು ಚಿಕ್ಕ ತೂತುಗಳಲ್ಲಿ ಪ್ರಯತ್ನಪಟ್ಟು, ಒಳಗೆ ಯಾವುದು ಯಾವುದೆಂದು ಬಿಡಿಸಲಾಗದೆ, ಹೊಟ್ಟೆಯನ್ನು ಅಡ್ಡಕ್ಕೆ ಕೊಯ್ದರು. ವೆಸ್ಸೆಲಿಂಕ್ ಹೊರಬಂದಾಗ ಅವಳ ಟೋಪಿಯ ಗುರುತು ಹಣೆಯ ಮೇಲೆ ಕೆಂಪಗೆ ಮೂಡಿತ್ತು. "ನಳಿಕೆ ಹಾಕಿ ಕಾದಿದ್ದಕ್ಕೆ ಇವತ್ತು ಇಷ್ಟಾದ್ರೂ ಆಯ್ತು. ಬದುಕಿದಾರೆ," ಎಂದಳು. "ಡಿಸೆಂಬರಲ್ಲೇ ಬಂದಿದ್ರೆ ಮೂರು ಸಣ್ಣ ಗಾಯ, ಎರಡನೇ ದಿನ ಮನೆ." ಆ ಎರಡನೆಯ ಮಾತನ್ನು ಅವಳು ಯಾರ ಮುಖವನ್ನೂ ನೋಡದೆ ಹೇಳಿದಳು. ಹಾರ್ಮ್ ತಲೆಯಾಡಿಸಿದ. ಅವಳು ಬೇಡ ಬೇಡವೆಂದರೂ ಕೈ ಕುಲುಕಿದ, ಬಿಡಲು ಸ್ವಲ್ಪ ತಡಮಾಡಿದ.

ಹನ್ನೊಂದು ದಿನಕ್ಕೆ ಫೆನ್ನಾ ಮನೆಗೆ ಬಂದಳು. ಏಪ್ರಿಲಿನಲ್ಲಿ ಸೈಕಲ್ ಹತ್ತಿದಳು, ಕೆನೆ ಹಾಕಿದ ಕೇಕು ತಿಂದಳು, ತ್ರೂಸಳ ಜೊತೆ ನಗುತ್ತಿದ್ದಳು. ಅವನೊಂದಿಗೂ ಮಾತಿಗೇನೂ ಕಮ್ಮಿಯಿರಲಿಲ್ಲ: ಹವಾಮಾನ, ಹೂದೋಟದ ಬಸವನಹುಳು, ಮಾರ್ಲೂಸಳ ಹೊಸ ಮನೆ. ತಾನು ಬಚ್ಚಲುಮನೆಯಲ್ಲಿ ಹೇಳಬೇಕಾಗಿದ್ದ ಮಾತನ್ನು ಅವನು ಮೇ ತಿಂಗಳ ಒಂದು ಬೆಳಗ್ಗೆ, ಅವಳು ಹಲ್ಲುಜ್ಜುವಾಗ, ಬಾಗಿಲಲ್ಲಿ ನಿಂತು ಹೇಳಿದ. ಅವಳು ಉಗುಳಿ, ಬಾಯಿ ಒರೆಸಿಕೊಂಡು, "ಆಯ್ತು ಬಿಡು," ಎಂದಳು. ಕೋಪವಿರಲಿಲ್ಲ.

ಜೂನಿನಲ್ಲಿ ಮಾರ್ಲೂಸ್ ಫೋನಿನಲ್ಲಿ ಕೇಳಿದಳು, "ಅಮ್ಮನ ಭುಜ ಹೇಗಿದೆ ಅಪ್ಪಾ? ವ್ಯಾಯಾಮ ಮಾಡಿಸೋ ಹುಡುಗಿ ಒಳ್ಳೆಯವಳಂತಲ್ಲ." ಫೆನ್ನಾ ನಾಲ್ಕು ವಾರದಿಂದ ಪ್ರತಿ ಗುರುವಾರ ಲೈಬ್ರರಿಗೆಂದು ಹೋಗುತ್ತಿದ್ದದ್ದು ಅಲ್ಲಿಗೆ. ಅವನು ಹಿತ್ತಲಿಗೆ ಹೋದ. ಅವಳು ಎಡಗೈಯೊಂದರಿಂದಲೇ ಬಟ್ಟೆ ಒಣಹಾಕುತ್ತಿದ್ದಳು. ಎಷ್ಟು ದಿನದಿಂದ ಹಾಗೆ ಮಾಡುತ್ತಿದ್ದಾಳೋ ಅವನು ಗಮನಿಸಿರಲಿಲ್ಲ.

"ಭುಜ ನೋಯುತ್ತಾ?"

"ಅಂಥದ್ದೇನಿಲ್ಲ," ಎಂದಳು ಫೆನ್ನಾ, ಇನ್ನೊಂದು ಕ್ಲಿಪ್ಪು ಹಾಕಿ.

ಈ ಸಲ ಅವನು ಏನನ್ನೂ ಕಳೆಯಲಿಲ್ಲ, ಕಳೆಯಲು ಅವಳು ಏನನ್ನೂ ಕೊಟ್ಟಿರಲಿಲ್ಲ. ಫೆನ್ನಾ ಉಳಿದಳು. ತನಗೆ ನೋವಾದರೆ ಮೊದಲು ಹಾರ್ಮ್‌ಗೆ ಹೇಳಬೇಕು ಎಂದು ಅವಳಿಗೆ ಅನ್ನಿಸುತ್ತಿದ್ದದ್ದು ಉಳಿಯಲಿಲ್ಲ.